ಎಲ್ಲಾ ಫ್ರೀ ಅಲ್ವಾ, ಮತ್ತೆ ದುಡ್ಡು ಯಾಕೆ?

ನಮ್ಮ ಮನೆತನದ ವಾಟ್ಸಾಪ್ ಗ್ರೂಪಲ್ಲಿ ಕ್ಯಾನ್ಸರ್ ಬಂದಿರೋ ಪಾಪುಗೆ ಒಂದಿಷ್ಟು ಸಹಾಯ ಮಾಡ್ರಪ್ಪ ಅಂತ ನಾನು ಮೆಸೇಜ್ ಹಾಕಿದಾಗ ಮೊದಲು ಬಂದ ರಿಪ್ಲೈ ಇದು: "ಬಿಪಿಎಲ್ ಕಾರ್ಡ್ ಐತಲ್ಲ, ಎಲ್ಲಾ ಫ್ರೀ ಅಲ್ವಾ, ಮತ್ತೆ ದುಡ್ಡು ಯಾಕೆ?" ಕೇಳಿದವ್ರು ಕೆಟ್ಟವರಲ್ಲ, ಆಮೇಲೆ ಅವರೇ ಎರಡು ಸಾವಿರ ಕಳಿಸಿದ್ರು. ಆದ್ರೆ ಈ ಪ್ರಶ್ನೆ ಆಫೀಸಲ್ಲೂ ಕೇಳಿದ್ರು, ಬಸ್ಸಲ್ಲಿ ಪಕ್ಕ ಕೂತವ್ರೂ ಕೇಳಿದ್ರು, ಅಷ್ಟೇ ಯಾಕೆ ಮೊದಮೊದಲು ನನ್ನ ಹೆಂಡತಿನೂ ಕೇಳಿದ್ಲು. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳೋ ಬದ್ಲು ಇಲ್ಲೇ ಒಂದ್ಸಲ ಬರೆದುಬಿಡೋಣ ಅಂತ.

ಪಾಪು ಅಂದ್ರೆ ನಮ್ಮ ದೊಡ್ಡಪ್ಪನ ಮಗನ ಮಗಳು, ಐದು ವರ್ಷ. ಜಗಳೂರು ತಾಲೂಕಿನ ಒಂದು ಹಳ್ಳಿ, ಎರಡು ಎಕರೆ ಮಳೆ ನಂಬಿದ ಹೊಲ, ಒಂದು ವರ್ಷ ಮೆಕ್ಕೆಜೋಳ ಒಂದು ವರ್ಷ ಈರುಳ್ಳಿ, ಉಳಿದ ದಿನ ಅಣ್ಣ ಅತ್ತಿಗೆ ಇಬ್ರೂ ಕೂಲಿ. ಹೋದ ವರ್ಷ ಮಗೂಗೆ ಜ್ವರ ಬಂತು, ಬಿಟ್ಟು ಬಿಟ್ಟು ಬರ್ತಿತ್ತು, ಕಾಲು ನೋವು ಅಂತ ರಾತ್ರಿ ಅಳ್ತಿತ್ತು, ಮುಖ ಬಿಳುಚಿಕೊಂಡಿತ್ತು. ಊರಲ್ಲಿ ಒಬ್ರು ಡಾಕ್ಟ್ರು ಅಂತ ಇದಾರೆ, ಏನು ಓದಿದಾರೋ ಯಾರಿಗೂ ಗೊತ್ತಿಲ್ಲ, ಅವ್ರು ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಚುಚ್ಚಿದ್ರು. ದೃಷ್ಟಿ ಆಗಿದೆ ಅಂತ ದೊಡ್ಡಮ್ಮ ನಿವಾಳಿಸಿ ಹಾಕಿದ್ರು. ಕೊನೆಗೆ ಮೂಗಿಂದ ರಕ್ತ ಬಂದು ನಿಲ್ಲದೇ ಇದ್ದಾಗ ರಾತ್ರೋರಾತ್ರಿ ಬಾಡಿಗೆ ಕಾರು ಮಾಡ್ಕೊಂಡು ದಾವಣಗೆರೆಗೆ ಓಡಿದ್ರು, ಕಾರಿನೋನು ಕರ್ಕೊಂಡು ಹೋಗಿ ನಿಲ್ಲಿಸಿದ ಪ್ರೈವೇಟ್ ಆಸ್ಪತ್ರೆಗೇ ಸೇರಿಸಿದ್ರು.

ದುಡ್ಡು ಹೋಗಿದ್ದು ಇಲ್ಲೇ ಮೊದಲು, ಅದೂ ಕಾಯಿಲೆ ಏನು ಅಂತ ಗೊತ್ತಾಗೋಕೆ ಮುಂಚೆ. ಅಡ್ವಾನ್ಸ್ ಕಟ್ಟಿ ಅಂದ್ರು, ಕಟ್ಟಿದ್ರು. ಐಸಿಯು ಅಂದ್ರು, ರಕ್ತ ಅಂದ್ರು, ಪ್ಲೇಟ್ಲೆಟ್ ಅಂದ್ರು, ಡೆಂಗ್ಯೂ ಇರಬಹುದು ಅಂದ್ರು. ಅತ್ತಿಗೆ ಮಾಂಗಲ್ಯ ಒಂದು ಬಿಟ್ಟು ಮೈಮೇಲಿದ್ದ ಎಲ್ಲಾ ಬಂಗಾರ ಬ್ಯಾಂಕಿಗೆ ಹೋಯ್ತು. ನಾಲ್ಕು ದಿನ ಆದ್ಮೇಲೆ "ಇದು ಬ್ಲಡ್ ಕ್ಯಾನ್ಸರ್ ಥರ ಕಾಣುತ್ತೆ, ಬೆಂಗಳೂರಿಗೆ ಕರ್ಕೊಂಡು ಹೋಗಿ" ಅಂತ ಒಂದು ಚೀಟಿ ಬರೆದು ಕೊಟ್ರು. ಸ್ಕೀಮ್ ಅಲ್ಲಿ ಆಗಲ್ವಾ ಸಾರ್ ಅಂತ ಅಣ್ಣ ಕೇಳಿದ್ದಕ್ಕೆ, ನೀವು ನೇರವಾಗಿ ಬಂದಿದೀರ, ಸರ್ಕಾರಿ ಆಸ್ಪತ್ರೆಯಿಂದ ಲೆಟರ್ ತಂದಿಲ್ಲ ಅಂದ್ರಂತೆ.

ಅಣ್ಣ ಕೇಳಿದ ಆ ಸ್ಕೀಮು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅಂತ, ನಮ್ಮಲ್ಲಿ 2018ರಿಂದ ಇದೆ. ಬಿಪಿಎಲ್ ಕಾರ್ಡ್ ಇರೋ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ, ಎಪಿಎಲ್ ಆದ್ರೆ ಪ್ಯಾಕೇಜ್ ರೇಟಿನ ಶೇ. 30, ಅದೂ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಪ್ರೈವೇಟ್ ಆಸ್ಪತ್ರೆಗೆ ಈ ಸ್ಕೀಮಲ್ಲಿ ಹೋಗ್ಬೇಕಂದ್ರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗಲ್ಲ ಅಂತ ರೆಫರಲ್ ಬರೆಸ್ಕೋಬೇಕು. ಎಮರ್ಜೆನ್ಸಿಗೆ ರೆಫರಲ್ ಬೇಡ ಅಂತ ರೂಲ್ಸಲ್ಲೇ ಇದೆ, ಆದ್ರೆ ಮೂಗಲ್ಲಿ ರಕ್ತ ಸುರಿಯೋ ಮಗೂನ ಎತ್ಕೊಂಡು ನಿಂತಿರೋ ಅಪ್ಪ ಕೌಂಟರಲ್ಲಿ ರೂಲ್ಸ್ ಮಾತಾಡ್ತಾನಾ ಹೇಳಿ.

ಬೆಂಗಳೂರಿನ ಕಿದ್ವಾಯಿಗೆ ಬಂದ್ರು. 1973ರಿಂದ ಇರೋ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಅದು, ನಿಮ್ಹಾನ್ಸ್ ಪಕ್ಕ. ಬೆಳಗಾಗೋ ಮುಂಚೆನೇ ಗೇಟ್ ಹತ್ರ ಬೀದರಿಂದ, ರಾಯಚೂರಿಂದ, ಅನಂತಪುರದ ಕಡೆಯಿಂದ ಜನ ಬಂದು ಕೂತಿರ್ತಾರೆ. ಬೋನ್ ಮ್ಯಾರೋ ಟೆಸ್ಟ್ (ಮೂಳೆ ಒಳಗಿನ ಮಜ್ಜೆ ತೆಗೆದು ನೋಡೋದು) ಮಾಡಿ ಡಾಕ್ಟ್ರಮ್ಮ ಅಣ್ಣ ಅತ್ತಿಗೆನ ಕೂರಿಸ್ಕೊಂಡು ಹೇಳಿದ್ದನ್ನ ನಾನೂ ಪಕ್ಕದಲ್ಲಿ ನಿಂತು ಕೇಳಿಸ್ಕೊಂಡೆ. ಎಎಲ್‌ಎಲ್ ಅಂತ ಒಂದು ಥರದ ಬ್ಲಡ್ ಕ್ಯಾನ್ಸರು, ಮಕ್ಕಳಲ್ಲಿ ಬರೋ ಕ್ಯಾನ್ಸರಲ್ಲಿ ಇದೇ ಜಾಸ್ತಿಯಂತೆ, ವಾಸಿ ಆಗೋ ಕಾಯಿಲೆನಂತೆ. ಆದ್ರೆ ಎರಡರಿಂದ ಎರಡೂವರೆ ವರ್ಷ ಬಿಡದೆ ಟ್ರೀಟ್ಮೆಂಟ್ ಆಗ್ಬೇಕು, ಮೊದಲ ಆರೇಳು ತಿಂಗಳು ಜೋರಾಗಿರುತ್ತೆ, ಆಮೇಲೆ ಮನೇಲೇ ಮಾತ್ರೆ, ಮಧ್ಯೆ ಬಿಟ್ರೆ ತಿರುಗಿ ಬರುತ್ತೆ. ಅಣ್ಣ ಪೂರ್ತಿ ಕೇಳಿ ಒಂದೇ ಮಾತು ಕೇಳಿದ, "ಮೇಡಂ, ಎರಡು ವರ್ಷ ಇಲ್ಲೇ ಇರ್ಬೇಕಾ?" ಕಾಯಿಲೆಗಿಂತ ಜಾಸ್ತಿ ಅವನಿಗೆ ಹೆದರಿಕೆ ಆಗಿದ್ದು ಅದಕ್ಕೆ ಅನ್ಸುತ್ತೆ.

ಸ್ಕೀಮಲ್ಲಿ ಹಾಕೋಕೆ ರೇಷನ್ ಕಾರ್ಡ್ ತೆಗೀರಿ ಅಂದಾಗ ಇನ್ನೊಂದು. ಕಾರ್ಡಲ್ಲಿ ಪಾಪು ಹೆಸರೇ ಇಲ್ಲ! ಅಣ್ಣನ ಹೆಸರಿದೆ, ಅತ್ತಿಗೆದಿದೆ, ದೊಡ್ಡ ಮಗಂದಿದೆ, ದೊಡ್ಡಮ್ಮಂದಿದೆ, ಈ ಮಗು ಹುಟ್ಟಿದ್ಮೇಲೆ ಸೇರಿಸೋಕೆ ಹೋದಾಗೆಲ್ಲ ಸರ್ವರ್ ಇಲ್ಲ, ಈಗ ತಗೊಳಲ್ಲ, ಮುಂದಿನ ತಿಂಗಳು ಬಾ ಅಂತ ಆಗಿ ಹಂಗೇ ಬಿಟ್ಟಿದ್ರು. ಐದು ಕೆಜಿ ಅಕ್ಕಿ ವಿಷಯ ತಾನೇ ಅಂದ್ಕೊಂಡಿದ್ರು. ಈಗ ಕೂಲಿ ಬಿಟ್ಟು ಅಣ್ಣ ವಾಪಸ್ ಊರಿಗೆ ಹೋಗಿ, ಬರ್ತ್ ಸರ್ಟಿಫಿಕೇಟು, ಆಧಾರು, ಸೈಬರ್ ಸೆಂಟರು, ಆಫೀಸು ಅಂತ ಅಲೆದು, ಆಸ್ಪತ್ರೆ ಲೆಟರ್ ತೋರಿಸಿ ಕೈಮುಗಿದು ಸೇರಿಸ್ಕೊಂಡು ಬರೋವರೆಗೂ ಒಂದೊಂದು ರೂಪಾಯಿನೂ ಕೈಯಿಂದಾನೇ. ನಿಮ್ಮ ಊರಲ್ಲಿ ಯಾರ ಮನೇಲಾದ್ರೂ ಮಗು ಹುಟ್ಟಿದ್ರೆ ದಯವಿಟ್ಟು ಇದೊಂದು ನೋಡಿ, ಬೆಳ್ಳಿ ಉಡುದಾರ ಆಮೇಲೆ ಕೊಡಿಸಿದ್ರೂ ನಡೆಯುತ್ತೆ.

ಹೆಸರು ಸೇರಿದ್ಮೇಲೆ ಕೀಮೋಗೆ, ಬೆಡ್ಡಿಗೆ ದುಡ್ಡು ಕೇಳಿಲ್ಲ. ಇದನ್ನ ಸ್ಪಷ್ಟವಾಗಿ ಹೇಳ್ತೀನಿ, ಯಾಕಂದ್ರೆ ಸರ್ಕಾರಿ ಅಂದ ತಕ್ಷಣ ಬೈಯೋದು ನಮಗೆಲ್ಲ ಅಭ್ಯಾಸ. ಆ ಸ್ಕೀಮ್ ಇಲ್ಲದೇ ಇದ್ದಿದ್ರೆ ಹೊಲ ಮಾರಿದ್ರೂ ಆಗ್ತಿರಲಿಲ್ಲ. ಹಾಗಾದ್ರೆ ದುಡ್ಡು ಎಲ್ಲಿ ಹೋಯ್ತು?

ಮೊದಲನೇದು ಇರೋ ಜಾಗ. ಆಸ್ಪತ್ರೆ ಧರ್ಮಶಾಲೆ ಇದೆ, ಕಡಿಮೆ ದುಡ್ಡಿಗೆ ಇರಬಹುದು, ಆದ್ರೆ ಬರೋ ಜನ ಎಷ್ಟು, ಇರೋ ಜಾಗ ಎಷ್ಟು. ನಮ್ಮ ಮನೆಗೆ ಬನ್ನಿ ಅಂದ್ವಿ, ನಮ್ಮದು ಊರಾಚೆ ಒಂದು ಬೆಡ್‌ರೂಮಿನ ಮನೆ, ಎರಡು ಬಸ್ ಬದಲಾಯಿಸ್ಬೇಕು, ಕೌಂಟ್ ಕಮ್ಮಿ ಇರೋ ಮಗೂನ ಆ ರಶ್ಶಲ್ಲಿ ತರೋ ಹಾಗಿಲ್ಲ ಅಂದ್ರು ಡಾಕ್ಟ್ರು. ಕೀಮೋ ಕೊಟ್ಟ ಮೇಲೆ ಬಿಳಿ ರಕ್ತಕಣ ಬಿದ್ದುಹೋಗುತ್ತೆ, ಆಗ ಯಾರೋ ಕೆಮ್ಮಿದ್ರೂ ಸಾಕು ಮಗೂಗೆ ಜ್ವರ. ಅಲ್ಲಿ ವಾರ್ಡಿನ ಹೊರಗೆ ಅಮ್ಮಂದಿರು ಒಬ್ಬರಿಗೊಬ್ಬರು ಊಟ ಆಯ್ತಾ ಅಂತ ಕೇಳಲ್ಲ, "ಕೌಂಟ್ ಎಷ್ಟು ಬಂತು?" ಅಂತ ಕೇಳ್ತಾರೆ. ಸರಿ, ಹತ್ತಿರದಲ್ಲೇ ಒಂದು ರೂಮು, ತಿಂಗಳಿಗೆ ಆರು ಸಾವಿರ, ಶೀಟಿನ ಮನೆ, ಹೊರಗಡೆ ನಾಲ್ಕು ಮನೆಗೆ ಒಂದೇ ಟಾಯ್ಲೆಟ್ಟು. ಅತ್ತಿಗೆ ಪ್ರತಿಸಲ ಮಗೂನ ಕರ್ಕೊಂಡು ಹೋಗೋ ಮುಂಚೆ ತಾವು ಹೋಗಿ ಫಿನಾಯಿಲ್ ಹಾಕಿ ತೊಳೆದು ಬರ್ತಿದ್ರು, ಬೇರೆ ಮನೆಯವ್ರಿಗೆ ಆರಾಮಾಗಿ ಹೋಯ್ತು, ಅವ್ರು ತೊಳೆಯೋದನ್ನೇ ಬಿಟ್ರು.

ಆಮೇಲೆ ಊಟ. ಮೊದಲ ತಿಂಗಳು ಸ್ಟೆರಾಯ್ಡ್ ಮಾತ್ರೆ ಕೊಡ್ತಾರೆ, ಅದಕ್ಕೆ ಹಸಿವು ಅಂದ್ರೆ ಎಂಥಾ ಹಸಿವು ಗೊತ್ತಾ. ಆಸ್ಪತ್ರೆಗೆ ಬರುವಾಗ ಎರಡು ತುತ್ತು ತಿಂದ್ರೆ ಹೆಚ್ಚು ಅನ್ನೋ ಹಾಗಿದ್ದ ಮಗು ಬೆಳಗಿನ ಜಾವ ಮೂರು ಗಂಟೆಗೆ ಎದ್ದು ಕೂತ್ಕೊಂಡು "ಅವ್ವಾ, ಚಿತ್ರಾನ್ನ" ಅಂತ ಹಠ, ಕೊಡದೇ ಇದ್ರೆ ಚೀರಾಟ. ಹೊರಗಿಂದು ಕೊಡೋ ಹಾಗಿಲ್ಲ, ತಂಗಳು ಕೊಡೋ ಹಾಗಿಲ್ಲ, ಕುದಿಸಿ ಆರಿಸಿದ ನೀರೇ ಆಗ್ಬೇಕು. ಅತ್ತಿಗೆ ಎದ್ದು ಆಗಲೇ ಅಕ್ಕಿ ಇಟ್ಟು, ಬಿಸಿ ಅನ್ನಕ್ಕೆ ಒಗ್ಗರಣೆ ಹಾಕಿ, ನಿಂಬೆಹಣ್ಣು ಹಿಂಡಿ ಕೊಡೋವರೆಗೂ ಅದು ತಟ್ಟೆ ಹಿಡ್ಕೊಂಡು ಒಲೆ ಮುಂದೇನೇ ಕೂತಿರ್ತಿತ್ತಂತೆ. ತಿಂದು ಇನ್ನೊಂದು ಗಂಟೆಗೆ ಮತ್ತೆ. ಕೆನ್ನೆ ಎಲ್ಲಾ ಉಬ್ಬಿ ಮುಖ ದುಂಡಗಾಗಿತ್ತು. ನೋಡೋಕೆ ಬಂದ ನೆಂಟರು ಮಗು ಮೈಕೈ ತುಂಬ್ಕೊಂಡಿದೆ, ಏನೂ ಆಗಿಲ್ಲ ಬಿಡಿ ಅಂದು ಹೋದ್ರು. ಈ ಸಿಲಿಂಡರ್ ಖರ್ಚು, ಹಣ್ಣು, ಮೊಟ್ಟೆ ಖರ್ಚು ಯಾವ ಪ್ಯಾಕೇಜಲ್ಲಿ ಬರುತ್ತೆ?

ಪ್ಲೇಟ್ಲೆಟ್ ಕಥೆ ಬೇರೆನೇ. ಕೌಂಟ್ ಬಿದ್ದಾಗ ಎಸ್‌ಡಿಪಿ ಬೇಕು ಅಂತಾರೆ, ಅಂದ್ರೆ ಒಬ್ಬ ದಾನಿಯನ್ನ ಮಷಿನ್ನಿಗೆ ಹಾಕಿ ಪ್ಲೇಟ್ಲೆಟ್ ಮಾತ್ರ ತೆಗೆದು ಉಳಿದ ರಕ್ತ ವಾಪಸ್ ಕೊಡೋದು. ಐದು ದಿನಕ್ಕಿಂತ ಇಡೋಕಾಗಲ್ಲ, ಹಾಗಾಗಿ ಬೇಕಾದಾಗ್ಲೇ ಜನ ಹುಡುಕ್ಬೇಕು. ಊರಿಂದ ಬಂದ ನಮ್ಮ ಕಡೆ ಗಂಡಸರು, ಮೂಟೆ ಹೊರೋ ಗಟ್ಟಿ ಆಳುಗಳು, ರಕ್ತ ಅಂದ ತಕ್ಷಣ ಟೀ ಕುಡಿದು ಬರ್ತೀವಿ ಅಂತ ಹೋದವರು ಫೋನೇ ತೆಗೀಲಿಲ್ಲ. ಕೊಟ್ಟವರು ಯಾರು ಅಂದ್ರೆ ನಮ್ಮ ಆಫೀಸಿನ ಹುಡುಗರು, ಒಬ್ಬ ಫುಡ್ ಡೆಲಿವರಿ ಮಾಡೋ ಹುಡುಗ (ಬೇರೆ ಯಾರಿಗೋ ಆರ್ಡರ್ ಕೊಡೋಕೆ ಬಂದೋನು!), ಇನ್ನೊಂದು ಮಗುವಿನ ಮಾವ.

ಇದೆಲ್ಲಾ ಬಿಡಿ, ಎಲ್ಲಕ್ಕಿಂತ ದೊಡ್ಡ ಖರ್ಚು ಯಾರ ಲೆಕ್ಕಕ್ಕೂ ಬರದೇ ಇರೋದು, ಇಬ್ಬರ ಕೂಲಿ ನಿಂತಿದ್ದು. ಮಗು ಜೊತೆ ಅವ್ವ ಇರ್ಲೇಬೇಕು, ಓಡಾಡೋಕೆ ಅಪ್ಪ ಬೇಕು. ಹೊಲ ಬೇರೆಯವರಿಗೆ ಕೋರು ಕೊಟ್ರು. ಎರಡು ಎಮ್ಮೆ ಮಾರಿದ್ರು. ದೊಡ್ಡ ಮಗ ಏಳನೇ ಕ್ಲಾಸು, ದೊಡ್ಡಮ್ಮನ ಜೊತೆ ಊರಲ್ಲಿ, ಸ್ಕೂಲಿಗೆ ಹೋಗ್ತಾನೋ ಇಲ್ವೋ ಕೇಳೋರಿಲ್ಲ. ಆದಾಯ ಸೊನ್ನೆ, ಆದ್ರೆ ಸಂಘದ ಸಾಲದ ಕಂತು ವಾರ ವಾರ ಕಟ್ಲೇಬೇಕು. ಮಗೂಗೆ ಬೆನ್ನಿನ ಇಂಜೆಕ್ಷನ್ ಹಾಕ್ತಿರೋ ದಿನಾನೇ ಫೈನಾನ್ಸ್ ಹುಡುಗ ಊರಲ್ಲಿ ದೊಡ್ಡಮ್ಮನ ಮುಂದೆ ಬಂದು ಕೂತಿದ್ದ. ಕಿರುಕುಳ ಕೊಡಬಾರದು ಅಂತ 2025ರಲ್ಲಿ ನಮ್ಮ ರಾಜ್ಯದಲ್ಲಿ ಸುಗ್ರೀವಾಜ್ಞೆ ಬಂತು, ಸರಿ, ಆದ್ರೆ ಅವನು ಬೈಯಲಿಲ್ಲ ಹೊಡೀಲಿಲ್ಲ, ಸುಮ್ನೆ ಜಗಲಿ ಮೇಲೆ ಸಂಜೆವರೆಗೂ ಕೂತಿದ್ದ ಅಷ್ಟೇ. ದೊಡ್ಡಮ್ಮ ಅಕ್ಕಪಕ್ಕದೋರ ಹತ್ರ ಕೈಸಾಲ ಮಾಡಿ ಕಟ್ಟಿ ಕಳಿಸಿದ್ರು.

ಬೆನ್ನಿನ ಇಂಜೆಕ್ಷನ್ ಅಂದ್ನಲ್ಲ, ಕ್ಯಾನ್ಸರ್ ಕಣ ಮೆದುಳಿನ ಕಡೆ ಹೋಗದೇ ಇರಲಿ ಅಂತ ಬೆನ್ನುಹುರಿ ನೀರಿಗೆ ಮೆಥೊಟ್ರೆಕ್ಸೇಟ್ ಅಂತ ಕೊಡ್ತಾರೆ. ಇದರ ಹಿಂದೆ ಒಬ್ಬರು ನಮ್ಮ ಪಕ್ಕದ ಆಂಧ್ರದ ಭೀಮವರಂನಲ್ಲಿ ಹುಟ್ಟಿದವ್ರು ಇದಾರೆ, ಯಲ್ಲಾಪ್ರಗಡ ಸುಬ್ಬರಾವ್. ಅಮೆರಿಕದ ಲೆಡರ್ಲೆ ಕಂಪನಿ ಲ್ಯಾಬಲ್ಲಿ ಅವರ ತಂಡ ಮಾಡಿದ ಇದೇ ಜಾತಿ ಔಷಧಿ ಅಮಿನೊಪ್ಟೆರಿನ್ ಕೊಟ್ಟು ಬಾಸ್ಟನ್ನಿನ ಡಾಕ್ಟರ್ ಸಿಡ್ನಿ ಫಾರ್ಬರ್ ಬ್ಲಡ್ ಕ್ಯಾನ್ಸರ್ ಇರೋ ಮಕ್ಕಳು ಸ್ವಲ್ಪ ದಿನವಾದ್ರೂ ಚೇತರಿಸ್ಕೊಂಡಿದ್ದನ್ನ 1948ರಲ್ಲಿ ಬರೆದ್ರು, ಅಲ್ಲಿಂದಲೇ ಇವತ್ತಿನ ಕೀಮೋ ದಾರಿ ಶುರು. ಈಗ ಮುಂದುವರಿದ ದೇಶಗಳಲ್ಲಿ ಈ ಕಾಯಿಲೆ ಬಂದ ಹತ್ತು ಮಕ್ಕಳಲ್ಲಿ ಒಂಬತ್ತು ಉಳಿತಾವೆ. ಔಷಧಿ ನಮ್ಮಲ್ಲೂ ಅವೇ, ಹಳೇ ಔಷಧಿಗಳು, ಇಲ್ಲೇ ತಯಾರಾಗುತ್ತೆ, ಮಾತ್ರೆಗೆ ಕೆಲವೇ ರೂಪಾಯಿ. 2021ರಲ್ಲಿ ಮುಂಬೈನ ಒಂದು ಮಗುವಿಗೆ ಎಸ್‌ಎಂಎ ಅನ್ನೋ ಕಾಯಿಲೆಗೆ ಸುಮಾರು 16 ಕೋಟಿಯ ಇಂಜೆಕ್ಷನ್ ಬೇಕು ಅಂತ ದೇಶಾನೇ ದುಡ್ಡು ಹಾಕ್ತು, ಕೇಂದ್ರ ಸರ್ಕಾರ ಸುಮಾರು 6 ಕೋಟಿ ತೆರಿಗೆ ಬಿಡ್ತು, ಒಳ್ಳೇದೇ ಆಯ್ತು. ಆದ್ರೆ ಆರು ಸಾವಿರ ರೂಮ್ ಬಾಡಿಗೆ ಇಲ್ದೇ ಟ್ರೀಟ್ಮೆಂಟ್ ಬಿಟ್ಟು ಹೋಗೋ ಮಗು ಯಾವ ಟಿವೀಲಿ ಬರುತ್ತೆ?

ಬಿಟ್ಟು ಹೋಗೋದು ಅಂದ್ರೆ ಕಲ್ಲು ಮನಸ್ಸು ಅಂತ ತಿಳ್ಕೋಬೇಡಿ. ಒಂದು ತಿಂಗಳಿಗೆ ಮತ್ತೆ ಬೋನ್ ಮ್ಯಾರೋ ಮಾಡಿದ್ರು, ಕ್ಯಾನ್ಸರ್ ಕಣ ಕಾಣ್ತಿಲ್ಲ ಅಂದ್ರು. ಮಗು ಓಡಾಡ್ತಿದೆ, ನಗ್ತಿದೆ. ಊರಿಂದ ಫೋನ್ ಮೇಲೆ ಫೋನು, "ವಾಸಿ ಆತಲ್ಲ, ಇನ್ಯಾಕ್ ಅಲ್ಲಿ, ಬಂದ್ಬಿಡ್ರಿ." ಮಲೆನಾಡ ಕಡೆ ಒಬ್ರು ತೊಗಟೆ ಔಷಧಿ ಕೊಡ್ತಾರಂತೆ, ಎಂಥಾ ಕ್ಯಾನ್ಸರಿದ್ರೂ ಹೋಗುತ್ತಂತೆ, ದುಡ್ಡೇ ತಗೊಳಲ್ವಂತೆ ಅಂತ ಇನ್ನೊಬ್ರು. ದುಡ್ಡು ಮುಗಿದಿರೋ ಮನುಷ್ಯನಿಗೆ ಆ ಮಾತು ಎಷ್ಟು ಸಿಹಿಯಾಗಿ ಕೇಳಿಸುತ್ತೆ ಅಂತ ನಾನು ಅಣ್ಣನ ಮುಖದಲ್ಲಿ ನೋಡಿದೀನಿ. ಸಂಬಂಧಿಕರೊಬ್ರು ಇನ್ನೂ ಮುಂದೆ ಹೋಗಿ, "ಹೆಣ್ಣುಮಗು, ಹೊಲ ಅಡ ಇಟ್ಟು ಉಳಿಸ್ಕೊಂಡ್ರೂ ನಾಳೆ ಯಾರ್ ಮದ್ವೆ ಆಗ್ತಾರೆ" ಅಂದ್ರು, ಅದೂ ಅತ್ತಿಗೆ ಎದುರಿಗೇ. ಅತ್ತಿಗೆ ಅವತ್ತಿಂದ ಆ ಮನೆ ಕಡೆ ತಲೆ ಹಾಕಿ ಮಲಗಿಲ್ಲ. ನಮ್ಮ ದೇಶದ ಆಸ್ಪತ್ರೆಗಳಿಗೆ ಕ್ಯಾನ್ಸರ್ ಟ್ರೀಟ್ಮೆಂಟ್‌ಗೆ ಬರೋ ಮಕ್ಕಳಲ್ಲಿ ಗಂಡುಮಕ್ಕಳೇ ಎದ್ದು ಕಾಣೋಷ್ಟು ಜಾಸ್ತಿ. ಕಾಯಿಲೆನೇ ಗಂಡುಮಕ್ಕಳಿಗೆ ಸ್ವಲ್ಪ ಜಾಸ್ತಿ ಬರೋದು ನಿಜ, ಆದ್ರೆ ಅಷ್ಟು ವ್ಯತ್ಯಾಸ ಅದೊಂದರಿಂದ ಬರಲ್ಲ. ಉಳಿದ ಹೆಣ್ಣುಮಕ್ಕಳು ಎಲ್ಲಿ ಹೋದ್ರು ಅಂತ ನಮ್ಮ ಆ ಸಂಬಂಧಿಕರ ಮಾತು ಕೇಳಿದ್ರೆ ಗೊತ್ತಾಗುತ್ತೆ.

ಆನ್‌ಲೈನಲ್ಲಿ ದುಡ್ಡು ಎತ್ತೋ ಆ್ಯಪ್ ಇದಾವಲ್ಲ, ಹಾಕೋಣ ಅಂತ ನಾನೇ ಹೇಳಿದ್ದೆ. ಅವ್ರು ಕೇಳಿದ್ದು ಮಗು ಅಳ್ತಿರೋ ವಿಡಿಯೋ, ಕೂದಲು ಉದುರಿರೋ ಫೋಟೋ, ಅತ್ತಿಗೆ ಕೈಮುಗೀತಿರೋ ಫೋಟೋ. ಅಣ್ಣ ಬೇಡ ಅಂದ. "ನಾಳೆ ದೊಡ್ಡೋಳಾಗಿ ಅವಳೇ ನೋಡಿದ್ರೆ ಏನಂತಾಳೆ ತಮ್ಮಾ" ಅಂದ. ನನಗೆ ಆಗ ಸಿಟ್ಟು ಬಂತು, ಸ್ವಾಭಿಮಾನ ತೋರಿಸೋ ಟೈಮಾ ಇದು ಅಂತ. ಈಗಲೂ ಯಾರು ಸರಿ ಅಂತ ಹೇಳೋಕಾಗಲ್ಲ, ಹಾಕಿದ್ರೆ ಬಂಗಾರ ಬಿಡಿಸಬಹುದಿತ್ತೇನೋ. ಆದ್ರೆ ಮಗು ಅತ್ತಷ್ಟೂ ದುಡ್ಡು ಜಾಸ್ತಿ ಬರೋ ವ್ಯವಸ್ಥೆ ಸರಿ ಇಲ್ಲ ಅಂತ ಮಾತ್ರ ಹೇಳಬಲ್ಲೆ.

ಕೆಲವು ವಿಷಯ ನಮಗೆ ಗೊತ್ತಾಗಿದ್ದು ವಾರ್ಡಿನ ಹೊರಗಿನ ಬೆಂಚಲ್ಲೇ, ಬೇರೆ ಅಪ್ಪ ಅಮ್ಮಂದಿರಿಂದ. ಕ್ಯಾನ್ಸರ್ ಪೇಷಂಟಿಗೆ ಟ್ರೀಟ್ಮೆಂಟಿಗೆ ಓಡಾಡೋಕೆ ರೈಲಲ್ಲಿ ಸ್ಲೀಪರ್ ಟಿಕೆಟ್ ಪೂರ್ತಿ ಫ್ರೀ, ಜೊತೆಗೆ ಹೋಗೋ ಒಬ್ಬರಿಗೆ ಶೇ. 75 ರಿಯಾಯಿತಿ, ಆಸ್ಪತ್ರೆಯಲ್ಲಿ ಫಾರ್ಮ್‌ಗೆ ಸಹಿ ಮಾಡಿಸ್ಕೊಂಡು ಸ್ಟೇಷನ್ ಕೌಂಟರಲ್ಲಿ ಕೊಡ್ಬೇಕು ಅಷ್ಟೇ. ಸಿಂಧನೂರಿನ ಒಬ್ಬ ಲಾರಿ ಡ್ರೈವರ್ ಹೇಳೋವರೆಗೂ ಇವರು ಬಸ್ಸಿಗೇ ದುಡ್ಡು ಸುರೀತಿದ್ರು. ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಬಹುದು ಅಂತ ಹೇಳಿದ್ದೂ ಇಂಥವರೇ ಇನ್ನೊಬ್ರು, ಎಂಎಲ್‌ಎ ಆಫೀಸಿಂದ ಲೆಟರ್ ಮಾಡಿಸಿ ದಾವಣಗೆರೆ ಆಸ್ಪತ್ರೆ ಬಿಲ್ ಜೋಡಿಸಿ ಕಳಿಸಿದೀವಿ, ಇನ್ನೂ ಏನೂ ಬಂದಿಲ್ಲ.

ಈಗ ಪಾಪು ಊರಲ್ಲಿದೆ, ಮಾತ್ರೆ ಹಂತ. ದಿನಾ ರಾತ್ರಿ ಮರ್ಕ್ಯಾಪ್ಟೊಪ್ಯೂರಿನ್, ಅದು ಬರೋದು 50 ಎಂಜಿ ಮಾತ್ರೆ, ಇವಳ ತೂಕಕ್ಕೆ ಅಷ್ಟು ಬೇಡ, ಹಾಗಾಗಿ ಒಂದಿನ ಒಂದು, ಒಂದಿನ ಅರ್ಧ. ಮೆಥೊಟ್ರೆಕ್ಸೇಟ್ ಚಿಕ್ಕ ಹಳದಿ ಮಾತ್ರೆ ವಾರಕ್ಕೆ ಒಂದೇ ದಿನ, ತಪ್ಪಿ ದಿನಾ ಕೊಟ್ರೆ ಜೀವಕ್ಕೇ ಅಪಾಯ. ಅತ್ತಿಗೆಗೆ ಓದು ಅಷ್ಟಕ್ಕಷ್ಟೇ. ಗೋಡೆ ಕ್ಯಾಲೆಂಡರಲ್ಲಿ ಪೂರ್ತಿ ಮಾತ್ರೆ ದಿನಕ್ಕೆ ಕುಂಕುಮದ ಬೊಟ್ಟು, ಅರ್ಧಕ್ಕೆ ಪೆನ್ನಲ್ಲಿ ಒಂದು ಗೀಟು, ಗುರುವಾರಕ್ಕೆಲ್ಲ ಅರಿಶಿನದ ಬೊಟ್ಟು. ಅಮಾವಾಸ್ಯೆ ಹುಣ್ಣಿಮೆ ಒಂದೂ ಕಾಣಲ್ಲ ಆ ಕ್ಯಾಲೆಂಡರಲ್ಲಿ, ದೊಡ್ಡಮ್ಮ ಇನ್ನೊಂದು ತಂದು ಪಕ್ಕದಲ್ಲಿ ಹಾಕ್ಕೊಂಡಿದಾರೆ. ಜ್ವರ ಬಂದ್ರೆ ಮಾತ್ರ ಕಾಯೋ ಹಾಗಿಲ್ಲ, ತಕ್ಷಣ ಆಸ್ಪತ್ರೆಗೆ ಹೋಗಿ ಆಂಟಿಬಯಾಟಿಕ್ ಶುರು ಮಾಡ್ಬೇಕು, ಮಧ್ಯರಾತ್ರಿ ಜಗಳೂರು ಕಡೆ ಹಳ್ಳಿಯಿಂದ ದಾವಣಗೆರೆಗೆ ಅಂದ್ರೆ ಮತ್ತೆ ಬಾಡಿಗೆ ಕಾರೇ. ಅದಕ್ಕೇ ಅಂತ ಅಣ್ಣ ಎರಡು ಸಾವಿರ ರೂಪಾಯಿ ಅಕ್ಕಿ ಡಬ್ಬೀಲಿ ಇಟ್ಟಿದಾನೆ, ಮನೇಲಿ ಏನೇ ಆದ್ರೂ ಅದನ್ನ ಮುಟ್ಟಲ್ಲ.

ಗ್ರೂಪಲ್ಲಿ ಕೇಳಿದವರಿಗೆ ಇಷ್ಟು ಹೇಳೋಕೆ ಹೋಗಿ ಇಷ್ಟುದ್ದ ಆಯ್ತು. ದುಡ್ಡು ಕಳಿಸೋರು ಆಸ್ಪತ್ರೆಗೆ ಅಂತ ಕಳಿಸ್ಬೇಡಿ, ಆಸ್ಪತ್ರೆದು ನಡೀತಿದೆ. ಬಡ್ಡಿ ಕಟ್ಟಿ ಗೋಲ್ಡ್ ಲೋನ್ ರಿನ್ಯೂ ಮಾಡ್ಬೇಕು, ಇಲ್ಲಾಂದ್ರೆ ಹರಾಜು ನೋಟಿಸ್ ಬರುತ್ತೆ, ಹುಡುಗನಿಗೆ ಹೈಸ್ಕೂಲಿಗೆ ಸೇರಿಸೋ ಖರ್ಚಿದೆ, ಅಂಥದ್ದಕ್ಕೆ ಅಂತ ಕಳಿಸಿ. ಮುಂದಿನ ತಿಂಗಳು ಮತ್ತೆ ಬೆನ್ನಿನ ಇಂಜೆಕ್ಷನ್ ಇದೆ, ಈರುಳ್ಳಿ ಕೀಳೋ ಟೈಮು, ಕೂಲಿ ಸಿಗುತ್ತೆ ಅಂತ ಅಣ್ಣ ಬರ್ತಿಲ್ಲ, ಅತ್ತಿಗೆ ಒಬ್ರೇ ಕರ್ಕೊಂಡು ಬರ್ತಿದಾರೆ. ಬೆಳಗ್ಗೆ ಸ್ಟೇಷನ್ನಿಗೆ ಗಾಡಿ ತಗೊಂಡು ಹೋಗೋಕೆ ನಾನಿದೀನಿ, ಅವತ್ತು ಆಸ್ಪತ್ರೇಲಿ ಅವರ ಜೊತೆ ಕೂರೋಕೆ ನಮ್ಮ ಕಡೆ ಹೆಂಗಸರು ಯಾರಾದ್ರೂ ಬಿಡುವಿದ್ರೆ ನನಗೊಂದು ಫೋನ್ ಮಾಡಿ.